ಮೊಳೆ ಮಾರಿ ಮತ್ಸ್ಯಾಲಯ ಕಟ್ಟಿದವರು

ಪ್ರತಿ ವರ್ಷ ಬೇಸಿಗೆ ಮುಗಿದು ಮುಂಗಾರು ಕಣ್ಣು ಬಿಡುವ ಹೊತ್ತಿಗೆ ಕೊಡೇಕಲ್, ಹುಣಸಗಿ, ಸುರಪುರದ ಎಷ್ಟೋ ಮನೆಗಳಲ್ಲಿ ಒಂದು ಬಗೆಯ ಮೌನ ಕವಿಯುತ್ತದೆ. ಮಗನಿಗೋ ಮಗಳಿಗೋ ಮೆಡಿಕಲ್ ಸೀಟು ಸಿಕ್ಕಿರುವುದಿಲ್ಲ. ಸಿಕ್ಕರೂ ಫೀಸು ಕಟ್ಟುವ ಶಕ್ತಿ ಇರುವುದಿಲ್ಲ. ಎರಡು ವರ್ಷ ಓದಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತೆಂದು ತಂದೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಾರೆ. ಮಕ್ಕಳಂತೂ ಬದುಕೇ ಮುಗಿದುಹೋಯಿತೆಂಬಂತೆ ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ.

ಇಂಥದೇ ಮೌನ 1940ರ ದಶಕದ ಕೊನೆಯಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ನೆವಾರ್ಕ್ ಪಟ್ಟಣದ ಒಂದು ಬಡ ಮನೆಯಲ್ಲೂ ಕವಿದಿತ್ತು. ಡಾಕ್ಟರಾಗಬೇಕೆಂದು ಹಟ ತೊಟ್ಟಿದ್ದ ಆ ಮನೆಯ ಹುಡುಗನಿಗೆ ವೈದ್ಯಕೀಯ ಕಾಲೇಜಿನ ಬಾಗಿಲು ತೆರೆಯಲಿಲ್ಲ. ಆ ಹುಡುಗ ಮುಂದೆ ಔಷಧಿ ಅಂಗಡಿಯಲ್ಲಿ ಗುಳಿಗೆ ಎಣಿಸಿದ. 49ನೆಯ ವಯಸ್ಸಿನಲ್ಲಿ ಇದ್ದ ಕೆಲಸವನ್ನೂ ಕಳೆದುಕೊಂಡ. ಆಮೇಲೆ ಮೊಳೆ, ಬಣ್ಣ, ನಳದ ಪೈಪು, ಹಲಗೆ ಮಾರುವ ಅಂಗಡಿಯೊಂದನ್ನು ತೆರೆದ. 2024ರ ನವೆಂಬರ್ 4ರಂದು, ತನ್ನ 95ನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಆ ಅಂಗಡಿಯ ಮಳಿಗೆಗಳ ಸಂಖ್ಯೆ 2,300ನ್ನು ದಾಟಿತ್ತು. ದಾನವಾಗಿ ಕೊಟ್ಟ ಹಣ 200 ಕೋಟಿ ಡಾಲರಿಗೂ ಹೆಚ್ಚು!

ಆತನ ಹೆಸರು ಬರ್ನಾರ್ಡ್ ಮಾರ್ಕಸ್. ಜನ ಕರೆಯುತ್ತಿದ್ದುದು ಬರ್ನಿ ಎಂದು. ಆತ ಕಟ್ಟಿದ ಸಂಸ್ಥೆ ‘ಹೋಮ್ ಡಿಪೊ’.

ಶ್ರೀಮಂತರ ಕತೆಗಳಿಗೆ ಬರವಿಲ್ಲ. ಆದರೆ ಮಾರ್ಕಸ್ ಅವರ ಬದುಕಿನಲ್ಲಿ ಮೂರು ಪ್ರಶ್ನೆಗಳು ಒಟ್ಟಿಗೆ ಬರುತ್ತವೆ. ಹಣವನ್ನು ಗಳಿಸುವುದು ಹೇಗೆ? ಗಳಿಸಿದ್ದನ್ನು ಸಮಾಜಕ್ಕೆ ಹಿಂತಿರುಗಿಸುವುದು ಹೇಗೆ? ಅದೇ ಹಣ ರಾಜಕೀಯದ ಅಂಗಳಕ್ಕೆ ಇಳಿದರೆ ಏನಾಗುತ್ತದೆ? ಇಂದಲ್ಲ ನಾಳೆ ಮತ ಹಾಕಬೇಕಾದ ವಿದ್ಯಾರ್ಥಿಗಳಿಗೆ ಮೂರನೆಯ ಪ್ರಶ್ನೆ ಮೊದಲಿನ ಎರಡಕ್ಕಿಂತ ಮುಖ್ಯವಾದದ್ದು.

ಬಡಿಗನ ಮಗ

ಮಾರ್ಕಸ್ ಹುಟ್ಟಿದ್ದು 1929ರ ಮೇ 12ರಂದು. ಅಮೆರಿಕದ ಷೇರು ಪೇಟೆ ಕುಸಿದು ಜಗತ್ತನ್ನೆಲ್ಲ ಬಡತನಕ್ಕೆ ನೂಕಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ತಂದೆ-ತಾಯಿ ರಷ್ಯದಿಂದ ವಲಸೆ ಬಂದ ಯಹೂದಿಗಳು. ತಂದೆ ಮರಗೆಲಸದವರು. ಕಪಾಟು, ಮೇಜು ಮಾಡಿ ಸಂಸಾರ ಸಾಗಿಸುತ್ತಿದ್ದರು. ತಾಯಿಗೆ ಕೀಲುವಾತ. ಬಾಡಿಗೆಯ ಇಕ್ಕಟ್ಟಾದ ವಠಾರದಲ್ಲಿ ವಾಸ.

ಬಡತನವಿದ್ದರೂ ಆ ತಾಯಿ ಪುಡಿಗಾಸು ಕೂಡಿಟ್ಟು ಗಿಡ ನೆಡುವ ನಿಧಿಗೆ ಕೊಡುತ್ತಿದ್ದರಂತೆ. ತನಗೆ ಐಸ್‌ಕ್ರೀಮ್ ಕೊಡಿಸಬೇಕಾದ ಕಾಸು ಗಿಡದ ಪಾಲಾಗುತ್ತಿದ್ದುದನ್ನು ಮಾರ್ಕಸ್ ಮುಪ್ಪಿನಲ್ಲೂ ನಗುತ್ತ ನೆನೆಯುತ್ತಿದ್ದರು. ಯಹೂದಿ ಸಂಪ್ರದಾಯದಲ್ಲಿ ಇದಕ್ಕೆ ‘ತ್ಸೆದಾಕಾ’ ಎನ್ನುತ್ತಾರೆ. ಈ ಮಾತಿನ ಮೂಲಾರ್ಥ ನ್ಯಾಯ ಎಂದು. ಕೊಡುವುದು ಕರುಣೆಯಲ್ಲ, ಕರ್ತವ್ಯ ಎಂಬುದು ಅದರ ತಿರುಳು. ಕಾಯಕ ಮಾಡು, ಬಂದದ್ದರಲ್ಲಿ ದಾಸೋಹ ಮಾಡು ಎಂದ ಶರಣರ ನೆಲದವರಿಗೆ ಈ ವಿಚಾರ ಹೊಸದೇನಲ್ಲ.

ಡಾಕ್ಟರಾಗುವ ಆಸೆ ಏಕೆ ಫಲಿಸಲಿಲ್ಲ? ಆ ಕಾಲದ ಅಮೆರಿಕದ ಅನೇಕ ವೈದ್ಯಕೀಯ ಕಾಲೇಜುಗಳಲ್ಲಿ ಯಹೂದಿ ವಿದ್ಯಾರ್ಥಿಗಳ ಸಂಖ್ಯೆ ಇಷ್ಟೇ ಇರಬೇಕೆಂಬ ಅಲಿಖಿತ ನಿಯಮವಿತ್ತು. ಸೀಟು ಬೇಕಿದ್ದರೆ 10,000 ಡಾಲರ್ ಕೊಡಬೇಕೆಂದು ತಮ್ಮನ್ನು ಕೇಳಲಾಗಿತ್ತು ಎಂದು ಮಾರ್ಕಸ್ ಹೇಳಿಕೊಂಡಿದ್ದಾರೆ. ಬಡಿಗನ ಮನೆಯಲ್ಲಿ ಅಷ್ಟು ಹಣ ಎಲ್ಲಿಂದ ಬರಬೇಕು? ಕೊನೆಗೆ ಅವರು ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಔಷಧ ವಿಜ್ಞಾನ ಓದಿ ಪದವಿ ಪಡೆದರು.

ಮನಸ್ಸಿಲ್ಲದ ಓದು, ಆದರೆ ಅದೇ ಓದು ಅವರನ್ನು ಅಂಗಡಿಯ ಗಲ್ಲೆಯ ಹಿಂದೆ ತಂದು ನಿಲ್ಲಿಸಿತು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತ ಅವರಿಗೆ ಒಂದು ಸಂಗತಿ ಗೊತ್ತಾಯಿತು. ತನಗೆ ಗುಳಿಗೆ-ಕಷಾಯಗಳಿಗಿಂತ ಗಿರಾಕಿಗಳೇ ಹೆಚ್ಚು ಇಷ್ಟ! ಬಂದವರೊಡನೆ ಮಾತನಾಡುವುದು, ಅವರಿಗೆ ನಿಜವಾಗಿ ಬೇಕಾದದ್ದೇನೆಂದು ತಿಳಿಯುವುದು, ಸಾಮಾನನ್ನು ಕಣ್ಣಿಗೆ ಬೀಳುವಂತೆ ಜೋಡಿಸುವುದು... ಇದೂ ಒಂದು ವಿದ್ಯೆ ಎಂದು ಅವರು ಕಂಡುಕೊಂಡರು. ಔಷಧಿ ಬಿಟ್ಟು ಚಿಲ್ಲರೆ ವ್ಯಾಪಾರದ ದೊಡ್ಡ ಕಂಪನಿಗಳಲ್ಲಿ ದುಡಿಯುತ್ತ ಮೇಲೇರಿ, ಕ್ಯಾಲಿಫೋರ್ನಿಯದಲ್ಲಿ ಮನೆ ದುರಸ್ತಿಯ ಸಾಮಾನು ಮಾರುತ್ತಿದ್ದ ‘ಹ್ಯಾಂಡಿ ಡ್ಯಾನ್’ ಎಂಬ ಸರಣಿ ಅಂಗಡಿಗಳ ಮುಖ್ಯಸ್ಥರಾದರು.

ಖಾಲಿ ಡಬ್ಬಿಗಳ ಸಾಲು

1978ರಲ್ಲಿ ಮೇಲಿನವರ ಅಧಿಕಾರದ ಜಗ್ಗಾಟದಲ್ಲಿ ಮಾರ್ಕಸ್ ಮತ್ತು ಅವರ ಸಹೋದ್ಯೋಗಿ ಆರ್ಥರ್ ಬ್ಲಾಂಕ್ ಇಬ್ಬರನ್ನೂ ಕೆಲಸದಿಂದ ತೆಗೆದುಹಾಕಲಾಯಿತು. ಮಾರ್ಕಸ್‌ಗೆ ಆಗ 49 ವರ್ಷ. ನಮ್ಮಲ್ಲಿ ನೌಕರದಾರರು ನಿವೃತ್ತಿಯ ಲೆಕ್ಕ ಹಾಕಲು ತೊಡಗುವ ವಯಸ್ಸು ಅದು.

ಅವರ ಸ್ನೇಹಿತರಾಗಿದ್ದ ಬಂಡವಾಳಗಾರ ಕೆನ್ ಲ್ಯಾಂಗೋನ್ ಮಾತ್ರ ಇದನ್ನು ದುರದೃಷ್ಟ ಎನ್ನಲಿಲ್ಲ. ಮಾರ್ಕಸ್ ಬಹುದಿನದಿಂದ ಕನಸು ಕಾಣುತ್ತಿದ್ದ ಅಂಗಡಿಯನ್ನು ತೆರೆಯಲು ಇದಕ್ಕಿಂತ ಒಳ್ಳೆಯ ಸಮಯ ಬಾರದು ಎಂಬುದು ಅವರ ವಾದ. ಹಣ ಹೊಂದಿಸಿ ಕೊಡುವ ಹೊಣೆಯನ್ನೂ ಅವರೇ ಹೊತ್ತರು.

ಹಣ ಹುಡುಕುವ ಈ ಹಂತದ ಒಂದು ಸ್ವಾರಸ್ಯಕರ ಪ್ರಸಂಗವನ್ನು ಮಾರ್ಕಸ್ ಮತ್ತು ಬ್ಲಾಂಕ್ ತಮ್ಮ 1999ರ ಪುಸ್ತಕದಲ್ಲಿ ಹೇಳಿದ್ದಾರೆ. ಟೆಕ್ಸಸ್‌ನ ಕೋಟ್ಯಧೀಶ ರಾಸ್ ಪೆರೊ 20 ಲಕ್ಷ ಡಾಲರ್ ಹೂಡಿ ಕಂಪನಿಯ ಶೇಕಡಾ 70 ಪಾಲು ಪಡೆಯಲು ಮುಂದೆ ಬಂದಿದ್ದರು. ಮಾತುಕತೆ ಹೆಚ್ಚುಕಡಿಮೆ ಮುಗಿದಿತ್ತು. ಆಗ ಮಾರ್ಕಸ್ ಓಡಿಸುತ್ತಿದ್ದ ಕ್ಯಾಡಿಲಾಕ್ ಕಾರಿನ ವಿಷಯ ಬಂತು. ನಾಲ್ಕು ವರ್ಷ ಹಳೆಯ ಕಾರು ಅದು. ತಮ್ಮ ಕಂಪನಿಯ ಜನ ಕ್ಯಾಡಿಲಾಕ್ ಓಡಿಸುವುದಿಲ್ಲ, ಷೆವರ್ಲೆ ಓಡಿಸುತ್ತಾರೆ ಎಂದರಂತೆ ಪೆರೊ. ಕಾರಿನಂಥ ಸಣ್ಣ ವಿಷಯಕ್ಕೇ ಹೀಗಾದರೆ ದೊಡ್ಡ ವಿಷಯಗಳ ಗತಿಯೇನು ಎಂದುಕೊಂಡ ಮಾರ್ಕಸ್ ಒಪ್ಪಂದ ಬಿಟ್ಟು ಎದ್ದುಬಂದರು. ಆ ಶೇಕಡಾ 70 ಪಾಲಿನ ಬೆಲೆ ಮುಂದೆ ಸಾವಿರಾರು ಕೋಟಿ ಡಾಲರ್ ಆಯಿತು ಎಂಬುದು ಬೇರೆ ಮಾತು!

1979ರ ಜೂನ್ 22ರಂದು ಜಾರ್ಜಿಯ ರಾಜ್ಯದ ಅಟ್ಲಾಂಟ ನಗರದಲ್ಲಿ ಮೊದಲ ಎರಡು ಮಳಿಗೆಗಳು ತೆರೆದವು. ಒಂದೊಂದರ ವಿಸ್ತೀರ್ಣ ಸುಮಾರು 60,000 ಚದರ ಅಡಿ. ಸುಮಾರು 25,000 ಬಗೆಯ ಸಾಮಾನು. ಆದರೆ ಅಷ್ಟು ದೊಡ್ಡ ಜಾಗ ತುಂಬಲು ಮಾಲು ಕೊಳ್ಳುವಷ್ಟು ಹಣವಿರಲಿಲ್ಲ. ಸಾಮಾನು ಪೂರೈಸುವವರಿಂದ ಖಾಲಿ ಪೆಟ್ಟಿಗೆ, ಖಾಲಿ ಬಣ್ಣದ ಡಬ್ಬಿಗಳನ್ನು ಬೇಡಿ ತಂದು ಮೇಲಿನ ಸಾಲುಗಳಲ್ಲಿ ಜೋಡಿಸಿಟ್ಟು, ಅಂಗಡಿ ತುಂಬಿದೆ ಎಂಬ ಭಾವನೆ ಹುಟ್ಟಿಸಿದರು. ಮೊದಲ ದಿನ ಬಂದವರಿಗೆ ಒಂದೊಂದು ಡಾಲರಿನ ನೋಟು ಕೊಡಲು ಮಕ್ಕಳನ್ನು ಬಾಗಿಲಲ್ಲಿ ನಿಲ್ಲಿಸಲಾಗಿತ್ತು. ಸಂಜೆಯಾದರೂ ನೋಟುಗಳು ಮುಗಿಯಲಿಲ್ಲ. ಗಿರಾಕಿಗಳೇ ಇಲ್ಲ! ಮೊದಲ ವರ್ಷ ನಷ್ಟವೇ ಆಯಿತು.

ಲಾಭ ಕಡಿಮೆ, ಲಾಭ ಹೆಚ್ಚು

ಹಾಗಾದರೆ ಗೆದ್ದದ್ದು ಹೇಗೆ? ಇಲ್ಲೊಂದು ಸರಳ ಲೆಕ್ಕವಿದೆ. ಎಂಟನೆಯ ತರಗತಿಯ ವಿದ್ಯಾರ್ಥಿಯೂ ಮಾಡಬಹುದಾದ ಲೆಕ್ಕ.

ಇಬ್ಬರು ವ್ಯಾಪಾರಿಗಳಿದ್ದಾರೆ ಎನ್ನಿ. ಇಬ್ಬರ ಬಂಡವಾಳವೂ ಒಂದೊಂದು ಲಕ್ಷ ರೂಪಾಯಿ. ಮೊದಲನೆಯವನು ನೂರಕ್ಕೆ 25 ರೂಪಾಯಿ ಲಾಭ ಇಟ್ಟು ಮಾರುತ್ತಾನೆ. ದರ ಹೆಚ್ಚಾದ್ದರಿಂದ ಮಾಲು ನಿಧಾನವಾಗಿ ಕರಗುತ್ತದೆ. ವರ್ಷಕ್ಕೆ ಎರಡು ಸಲ ಮಾತ್ರ ಅವನ ಬಂಡವಾಳ ತಿರುಗುತ್ತದೆ. ಅವನ ಲಾಭ 50,000 ರೂಪಾಯಿ. ಎರಡನೆಯವನು ನೂರಕ್ಕೆ ಬರೀ 10 ರೂಪಾಯಿ ಲಾಭ ಇಡುತ್ತಾನೆ. ಅಗ್ಗವೆಂದು ಜನ ಮುಗಿಬೀಳುತ್ತಾರೆ. ಬಂಡವಾಳ ವರ್ಷಕ್ಕೆ ಆರು ಸಲ ತಿರುಗುತ್ತದೆ. ಅವನ ಲಾಭ 60,000 ರೂಪಾಯಿ. ಗಿರಾಕಿಗೂ ಉಳಿತಾಯ, ವ್ಯಾಪಾರಿಗೂ ಹೆಚ್ಚು ಗಳಿಕೆ. ಮಾರ್ಕಸ್ ಹಿಡಿದದ್ದು ಈ ಎರಡನೆಯ ದಾರಿಯನ್ನು. ಮಧ್ಯವರ್ತಿಗಳನ್ನು ಬಿಟ್ಟು ತಯಾರಕರಿಂದ ನೇರವಾಗಿ ಕೊಂಡರು. ಗೋದಾಮನ್ನೇ ಅಂಗಡಿಯನ್ನಾಗಿ ಮಾಡಿ ಖರ್ಚು ಇಳಿಸಿದರು.

ಎರಡನೆಯ ಗುಟ್ಟು ಇನ್ನೂ ಮುಖ್ಯವಾದದ್ದು. ನಮ್ಮೂರುಗಳಲ್ಲಿ ನಳ ಸೋರಿದರೆ ಪ್ಲಂಬರನನ್ನು, ಬಾಗಿಲು ಸರಿಯಾಗಿ ಕೂರದಿದ್ದರೆ ಬಡಿಗೇರರನ್ನು, ಗೋಡೆ ಬಿರುಕು ಬಿಟ್ಟರೆ ಗೌಂಡಿಯನ್ನು ಕರೆಯುತ್ತೇವೆ. ಅಮೆರಿಕದಲ್ಲಿ ಕೂಲಿ ಬಲು ದುಬಾರಿ. ಮನೆಯವರೇ ದುರಸ್ತಿ ಮಾಡಿಕೊಳ್ಳಲು ಕಲಿತರೆ ದೊಡ್ಡ ಉಳಿತಾಯ. ಆದರೆ ಕಲಿಸುವವರು ಯಾರು? ಹೋಮ್ ಡಿಪೊ ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಿಗಿ ಕೆಲಸ ಗೊತ್ತಿದ್ದವರನ್ನೇ ನೌಕರಿಗೆ ತೆಗೆದುಕೊಂಡಿತು. ಗಿರಾಕಿ ಬಂದು ನಳ ಸೋರುತ್ತಿದೆ ಎಂದರೆ, ಹೊಸ ನಳವನ್ನು ಕಟ್ಟಿಕೊಡುವ ಬದಲು, ಒಳಗಿನ ವಾಷರ್ ಬದಲಿಸಿದರೆ ಸಾಕು, ಬದಲಿಸುವುದು ಹೀಗೆ ಎಂದು ಹೇಳಿಕೊಡುತ್ತಿದ್ದರು. ಅಂದಿನ ಮಾರಾಟದಲ್ಲಿ ಅಂಗಡಿಗೆ ನಷ್ಟ. ಆದರೆ ಆ ಗಿರಾಕಿ ಜನ್ಮದಲ್ಲಿ ಬೇರೆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ! ಅಂಗಡಿಯೂ ಒಂದು ಶಾಲೆಯಾದದ್ದು ಹೀಗೆ.

1981ರಲ್ಲಿ ಕಂಪನಿಯ ಷೇರುಗಳು ಸಾರ್ವಜನಿಕರಿಗೆ ಬಂದವು. ನೌಕರರಿಗೂ ಷೇರು ಸಿಗುವ ವ್ಯವಸ್ಥೆ ಇತ್ತಾದ್ದರಿಂದ ಅಂಗಡಿಯಲ್ಲಿ ಗಾಡಿ ತಳ್ಳುತ್ತಿದ್ದವರೂ ಕೆಲವರು ಲಕ್ಷಾಧೀಶರಾದರು. ಮಾರ್ಕಸ್ 1997ರವರೆಗೆ ಮುಖ್ಯ ಕಾರ್ಯನಿರ್ವಾಹಕರಾಗಿದ್ದು, 2002ರಲ್ಲಿ ಅಧ್ಯಕ್ಷ ಸ್ಥಾನದಿಂದಲೂ ನಿವೃತ್ತರಾದರು.

ಇಷ್ಟು ಹೇಳಿ ಸುಮ್ಮನಾದರೆ ಅದು ಅರ್ಧ ಸತ್ಯವಾದೀತು. ಹೋಮ್ ಡಿಪೊದ ಮಳಿಗೆ ಬಂದ ಕಡೆ ತಲೆಮಾರುಗಳಿಂದ ನಡೆದುಬಂದಿದ್ದ ಎಷ್ಟೋ ಚಿಕ್ಕ ಅಂಗಡಿಗಳು ಪೈಪೋಟಿ ತಾಳಲಾರದೆ ಕದ ಹಾಕಿದವು. ಹೆಣ್ಣುಮಕ್ಕಳನ್ನು ಹಣ ಎಣಿಸುವ ಕಟ್ಟೆಗಷ್ಟೇ ಸೀಮಿತಗೊಳಿಸಿ, ಮಾರಾಟದ ಕೆಲಸ ಮತ್ತು ಬಡ್ತಿಗಳಿಂದ ದೂರವಿಡುತ್ತಾರೆ ಎಂದು ಮಹಿಳಾ ನೌಕರರು ನ್ಯಾಯಾಲಯದ ಮೆಟ್ಟಿಲೇರಿದರು. 1997ರಲ್ಲಿ ಕಂಪನಿ ತಪ್ಪು ಒಪ್ಪಿಕೊಳ್ಳದೆ, 10 ಕೋಟಿ ಡಾಲರಿಗೂ ಹೆಚ್ಚು ಮೊತ್ತಕ್ಕೆ ರಾಜಿ ಮಾಡಿಕೊಂಡಿತು. ದೊಡ್ಡ ಮರದ ನೆರಳಿನಲ್ಲಿ ಹುಲ್ಲು ಬೆಳೆಯುವುದಿಲ್ಲ ಎಂಬುದನ್ನೂ ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

ಡಾಕ್ಟರಾಗದವರ ಆಸ್ಪತ್ರೆಗಳು

ಮಾರ್ಕಸ್ ಅವರ ದಾನದ ಪಟ್ಟಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅದರ ಬಹುಪಾಲು ಹೋದದ್ದು ವೈದ್ಯಕೀಯಕ್ಕೆ!

ತಮ್ಮ ಕಂಪನಿಯ ನೌಕರರೊಬ್ಬರ ಮಗುವಿನ ಕಷ್ಟವನ್ನು ಹತ್ತಿರದಿಂದ ಕಂಡ ಮೇಲೆ ಅವರು 1991ರಲ್ಲಿ ಅಟ್ಲಾಂಟದಲ್ಲಿ ಆಟಿಸಂ ಇರುವ ಮಕ್ಕಳಿಗಾಗಿ ಒಂದು ಕೇಂದ್ರ ಆರಂಭಿಸಿದರು. ಅದೇ ಇಂದಿನ ‘ಮಾರ್ಕಸ್ ಆಟಿಸಂ ಕೇಂದ್ರ’. ಆಟಿಸಂ ಎಂಬುದು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ಮಗು ಕಣ್ಣಿಗೆ ಕಣ್ಣು ಕೂಡಿಸದಿರಬಹುದು, ಹೆಸರು ಕರೆದರೂ ತಿರುಗದಿರಬಹುದು, ಮಾತು ತಡವಾಗಬಹುದು, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಬಹುದು. 1950-60ರ ದಶಕಗಳಲ್ಲಿ ಕೆಲವು ವೈದ್ಯರು, ತಾಯಿ ಪ್ರೀತಿ ತೋರದ್ದರಿಂದ ಮಗು ಹೀಗಾಗುತ್ತದೆ ಎಂದು ಹೇಳಿ ಸಾವಿರಾರು ತಾಯಂದಿರ ಎದೆಗೆ ಬೆಂಕಿ ಇಟ್ಟಿದ್ದರು. ಅದು ಶುದ್ಧ ತಪ್ಪು ಎಂದು ವಿಜ್ಞಾನ ತೋರಿಸಿಕೊಟ್ಟಿದೆ. ಆಟಿಸಂಗೆ ಆನುವಂಶಿಕ ಕಾರಣಗಳ ಪಾಲು ದೊಡ್ಡದು. ದೆವ್ವ, ಶಾಪ, ಪೂರ್ವಜನ್ಮದ ಕರ್ಮ ಯಾವುದೂ ಇದಕ್ಕೆ ಕಾರಣವಲ್ಲ. ಎಳವೆಯಲ್ಲೇ ಗುರುತಿಸಿ ತರಬೇತಿ ಕೊಟ್ಟರೆ ಮಗು ಬಹಳಷ್ಟು ಕಲಿಯಬಲ್ಲದು. 2005ರಲ್ಲಿ ‘ಆಟಿಸಂ ಸ್ಪೀಕ್ಸ್’ ಎಂಬ ರಾಷ್ಟ್ರಮಟ್ಟದ ಸಂಸ್ಥೆ ಹುಟ್ಟುವಾಗ ಮಾರ್ಕಸ್ ಎರಡೂವರೆ ಕೋಟಿ ಡಾಲರ್ ನೀಡಿದರು.

ಅಟ್ಲಾಂಟದ ಗ್ರೇಡಿ ಆಸ್ಪತ್ರೆ ಬಡವರೇ ಹೆಚ್ಚಾಗಿ ಬರುವ ಸಾರ್ವಜನಿಕ ಆಸ್ಪತ್ರೆ. ಅಲ್ಲಿ ಪಾರ್ಶ್ವವಾಯುವಿನ ಚಿಕಿತ್ಸಾ ಕೇಂದ್ರ ಕಟ್ಟಲು ಅವರು 2 ಕೋಟಿ ಡಾಲರ್ ಕೊಟ್ಟರು. ಲಕ್ವ ಎಂದು ನಮ್ಮಲ್ಲಿ ಕರೆಯುವ ಈ ರೋಗದಲ್ಲಿ ಮೆದುಳಿಗೆ ಹೋಗುವ ರಕ್ತನಾಳ ಕಟ್ಟಿಕೊಳ್ಳುತ್ತದೆ ಇಲ್ಲವೆ ಒಡೆಯುತ್ತದೆ. ದೊಡ್ಡ ನಾಳ ಕಟ್ಟಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಅಂದಾಜಿದೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಫಲ ಕೊಡಬೇಕಾದರೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ನಾಟಿ ಮದ್ದು, ಎಣ್ಣೆ ತಿಕ್ಕುವುದು ಎಂದು ಹೊತ್ತು ಕಳೆಯದೆ ಆಸ್ಪತ್ರೆಗೆ ಓಡಬೇಕು. ಕೊಡೇಕಲ್ಲಿನಂಥ ಊರಿನಿಂದ ದೊಡ್ಡ ಆಸ್ಪತ್ರೆ ಮುಟ್ಟಲು ತಾಸುಗಟ್ಟಲೆ ಬೇಕಾದ್ದರಿಂದ ಇಲ್ಲಿಯ ಪಾಲಕರಿಗೆ ಈ ತಿಳಿವಳಿಕೆ ಇನ್ನೂ ಅಗತ್ಯ.

ಮಕ್ಕಳಿಗೆ ಬಲು ಪ್ರಿಯವಾದ ದಾನವೆಂದರೆ ಜಾರ್ಜಿಯ ಮತ್ಸ್ಯಾಲಯ. ತನ್ನನ್ನು ಮೇಲೆತ್ತಿದ ಅಟ್ಲಾಂಟ ನಗರಕ್ಕೆ ಕೃತಜ್ಞತೆಯ ಕಾಣಿಕೆಯಾಗಿ ಮಾರ್ಕಸ್ ಇದಕ್ಕೆ ಕೊಟ್ಟದ್ದು 25 ಕೋಟಿ ಡಾಲರ್. 2005ರ ನವೆಂಬರಿನಲ್ಲಿ ತೆರೆದಾಗ ಅದು ಜಗತ್ತಿನಲ್ಲೇ ಅತಿ ದೊಡ್ಡ ಮತ್ಸ್ಯಾಲಯ. ಅದರ ತೊಟ್ಟಿಗಳಲ್ಲಿದ್ದ ನೀರು ಸುಮಾರು 80 ಲಕ್ಷ ಗ್ಯಾಲನ್, ಅಂದರೆ 3 ಕೋಟಿ ಲೀಟರ್. ಮೀನುಗಳಲ್ಲೆಲ್ಲ ದೊಡ್ಡದಾದ ತಿಮಿಂಗಿಲ ಶಾರ್ಕನ್ನು ಗಾಜಿನ ಆಚೆ ಈಜುವುದನ್ನು ಮಕ್ಕಳು ಅಲ್ಲಿ ನೋಡಬಹುದು. ಹೆಸರು ತಿಮಿಂಗಿಲ ಶಾರ್ಕ್ ಆದರೂ ಅದು ತಿಮಿಂಗಿಲವಲ್ಲ. ತಿಮಿಂಗಿಲ ಮೊಲೆಯೂಡಿಸುವ ಪ್ರಾಣಿ. ಇದು ಕಿವಿರುಗಳಿಂದ ಉಸಿರಾಡುವ ಮೀನು. 2007ರಲ್ಲಿ ಎರಡು ತಿಮಿಂಗಿಲ ಶಾರ್ಕ್‌ಗಳು ಸತ್ತಾಗ, ಕಡಲಿನ ಜೀವಿಯನ್ನು ತೊಟ್ಟಿಯಲ್ಲಿಡುವುದು ಸರಿಯೇ ಎಂಬ ಟೀಕೆಯೂ ಬಂತು. ದಾನದ ಉದ್ದೇಶ ಒಳ್ಳೆಯದಿದ್ದರೂ ಪ್ರಶ್ನೆಗಳು ಇದ್ದೇ ಇರುತ್ತವೆ.

ಪಾಲುದಾರ ಲ್ಯಾಂಗೋನ್ ಅವರ ದಾನವೂ ವೈದ್ಯಕೀಯಕ್ಕೇ ಹೋಯಿತು. ಅವರ ಹೆಸರು ಹೊತ್ತ ನ್ಯೂಯಾರ್ಕ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ 2018ರಲ್ಲಿ ತನ್ನ ಎಲ್ಲ ಎಂ.ಡಿ. ವಿದ್ಯಾರ್ಥಿಗಳಿಗೂ ಬೋಧನಾ ಶುಲ್ಕ ಮನ್ನಾ ಮಾಡಿತು. ಆ ನಿಧಿಗೆ ಲ್ಯಾಂಗೋನ್ ದಂಪತಿಗಳದು 10 ಕೋಟಿ ಡಾಲರ್. ಹಣವಿಲ್ಲದೆ ಡಾಕ್ಟರಾಗದವನೊಬ್ಬ ಕಟ್ಟಿದ ಅಂಗಡಿಯ ಲಾಭ, ಹಣವಿಲ್ಲದವರೂ ಡಾಕ್ಟರಾಗಲು ಒದಗಿತು!

ನಮ್ಮ ನೆಲದ ದಾನಿಗಳು

ವ್ಯಾಪಾರದ ಹಣ ವಿದ್ಯೆಗೆ ನೀರೆರೆದದ್ದು ಕನ್ನಡ ನಾಡಿಗೆ ಹೊಸದಲ್ಲ. ಗುಬ್ಬಿಯಿಂದ ಬೆಂಗಳೂರಿಗೆ ಬಂದು ವ್ಯಾಪಾರ ಮಾಡಿದ ತೋಟದಪ್ಪನವರು ಮಕ್ಕಳಿಲ್ಲದ ತಮ್ಮ ಆಸ್ತಿಯನ್ನೆಲ್ಲ ಧರ್ಮಕ್ಕೆ ಬಿಟ್ಟರು. ಬೆಂಗಳೂರಿನ ರೈಲು ನಿಲ್ದಾಣದ ಎದುರಿನ ಅವರ ಛತ್ರ ಮತ್ತು ವಿದ್ಯಾರ್ಥಿ ನಿಲಯದಲ್ಲಿ ತಂಗಿ ಓದಿದವರು ಅದೆಷ್ಟು ತಲೆಮಾರು!

ಸುರಪುರ ಭಾಗದವರಿಗೆ ಇನ್ನೂ ಹತ್ತಿರದ ಉದಾಹರಣೆ ಅಜೀಂ ಪ್ರೇಮ್‌ಜಿ. ತಂದೆಯ ಸಾವಿನ ಸುದ್ದಿ ಕೇಳಿ 1966ರಲ್ಲಿ, 21ನೆಯ ವಯಸ್ಸಿನಲ್ಲಿ, ಅಮೆರಿಕದ ಓದನ್ನು ಅರ್ಧಕ್ಕೇ ಬಿಟ್ಟುಬಂದು ಖಾದ್ಯತೈಲದ ಕಂಪನಿಯನ್ನು ಕೈಗೆತ್ತಿಕೊಂಡವರು ಅವರು. ಅದೇ ಮುಂದೆ ವಿಪ್ರೊ ಆಯಿತು. ಅವರ ಪ್ರತಿಷ್ಠಾನ 2000ರ ದಶಕದಲ್ಲಿ ಸರ್ಕಾರಿ ಶಾಲೆಗಳ ಸುಧಾರಣೆಗೆ ಆಯ್ದುಕೊಂಡ ತಾಲ್ಲೂಕುಗಳಲ್ಲಿ ಸುರಪುರವೂ ಒಂದು. ಯಾದಗಿರಿಯಲ್ಲಿ ಅದರದೇ ಶಾಲೆಯಿದೆ. ವಾರದ ಆರು ದಿನ ಸರ್ಕಾರಿ ಶಾಲೆಯ ಮಕ್ಕಳಿಗೆ ಮೊಟ್ಟೆ ಸಿಗುವಂತೆ 2024ರಲ್ಲಿ ರಾಜ್ಯ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡದ್ದೂ ಇದೇ ಪ್ರತಿಷ್ಠಾನ. ಸಂಪತ್ತಿನ ಬಹುಪಾಲನ್ನು ದಾನ ಮಾಡುವುದಾಗಿ ಮಾತು ಕೊಡುವ ಜಾಗತಿಕ ‘ಗಿವಿಂಗ್ ಪ್ಲೆಜ್’ಗೆ ಮಾರ್ಕಸ್ 2010ರಲ್ಲಿ ಸೇರಿದರೆ, 2013ರಲ್ಲಿ ಸೇರಿದ ಪ್ರೇಮ್‌ಜಿ ಮೊದಲ ಭಾರತೀಯರು.

ರಾಜಕೀಯದ ದೇಣಿಗೆ

ಇನ್ನು ಮೂರನೆಯ ಪ್ರಶ್ನೆಗೆ ಬರೋಣ. ಮಾರ್ಕಸ್ ರಿಪಬ್ಲಿಕನ್ ಪಕ್ಷದ ದೊಡ್ಡ ದಾನಿಗಳಲ್ಲಿ ಒಬ್ಬರು. 2016ರ ಅಧ್ಯಕ್ಷ ಚುನಾವಣೆಯಲ್ಲಿ ಡೊನಾಲ್ಡ್ ಟ್ರಂಪ್ ಪರವಾದ ಸಂಘಟನೆಗಳಿಗೆ ಅವರು ಕೊಟ್ಟದ್ದು ಸುಮಾರು 70 ಲಕ್ಷ ಡಾಲರ್. ಸರ್ಕಾರದ ನಿಯಮಗಳ ಹೊರೆ ಹೆಚ್ಚಾದರೆ ತಮ್ಮಂತೆ ಕೈಯಲ್ಲಿ ಕಾಸಿಲ್ಲದವರು ಅಂಗಡಿ ತೆರೆಯಲಾರರು ಎಂಬುದು ಅವರ ವಾದ. 2010ರಲ್ಲಿ ಇದೇ ವಿಚಾರ ಸಾರಲು ಒಂದು ಸಂಘಟನೆಯನ್ನೂ ಹುಟ್ಟುಹಾಕಿದರು.

2019ರಲ್ಲಿ ಪತ್ರಿಕೆಯೊಂದಕ್ಕೆ ಕೊಟ್ಟ ಸಂದರ್ಶನದಲ್ಲಿ ಮತ್ತೆ ಟ್ರಂಪ್‌ಗೇ ಬೆಂಬಲ ಎಂದಾಗ, ಹೋಮ್ ಡಿಪೊವನ್ನು ಬಹಿಷ್ಕರಿಸಿ ಎಂಬ ಕೂಗೆದ್ದಿತು. ಮಾರ್ಕಸ್ ನಿವೃತ್ತರಾಗಿ 17 ವರ್ಷಗಳಾಗಿದ್ದವು! ಅವರ ಅಭಿಪ್ರಾಯಕ್ಕೂ ತನಗೂ ಸಂಬಂಧವಿಲ್ಲವೆಂದು ಕಂಪನಿ ಹೇಳಬೇಕಾಯಿತು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಅವರ ಜೊತೆಗೇ ಕೆಲಸ ಕಳೆದುಕೊಂಡು ಜೊತೆಗೇ ಅಂಗಡಿ ಕಟ್ಟಿದ ಆರ್ಥರ್ ಬ್ಲಾಂಕ್ ದೇಣಿಗೆ ಕೊಟ್ಟದ್ದು ಎದುರು ಪಕ್ಷವಾದ ಡೆಮಾಕ್ರಟಿಕ್ ಪಕ್ಷದವರಿಗೆ. ಒಂದೇ ಗಲ್ಲೆಯ ಹಣ, ಎರಡು ಪಕ್ಷಗಳ ಪೆಟ್ಟಿಗೆಗೆ! ಆದರೂ ಇಬ್ಬರ ಗೆಳೆತನ ಕೆಡಲಿಲ್ಲ. ಪಕ್ಷದ ಹೆಸರಿನಲ್ಲಿ ಅಣ್ಣ ತಮ್ಮಂದಿರು ಮಾತು ಬಿಡುವ ನಮ್ಮ ಊರುಗಳು ಇದನ್ನು ಗಮನಿಸಬೇಕು.

ಅಮೆರಿಕದ ಕಾನೂನು ಇಲ್ಲಿ ಏನು ಹೇಳುತ್ತದೆ? ಕಂಪನಿಗಳು ಅಭ್ಯರ್ಥಿಗೆ ನೇರವಾಗಿ ಹಣ ಕೊಡುವುದನ್ನು ಅಲ್ಲಿ 1907ರಲ್ಲೇ ನಿಷೇಧಿಸಲಾಯಿತು. ವ್ಯಕ್ತಿಯೊಬ್ಬ ಅಭ್ಯರ್ಥಿಗೆ ಕೊಡುವ ಹಣಕ್ಕೂ ಮಿತಿಯಿದೆ. 2016ರಲ್ಲಿ ಅದು ಒಂದು ಚುನಾವಣೆಗೆ 2,700 ಡಾಲರ್. ಆದರೆ 2010ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್, ಅಭ್ಯರ್ಥಿಯೊಡನೆ ಕೂಡಿಕೊಳ್ಳದೆ ಸ್ವತಂತ್ರವಾಗಿ ಮಾಡುವ ಚುನಾವಣಾ ವೆಚ್ಚಕ್ಕೆ ಕಡಿವಾಣ ಹಾಕುವಂತಿಲ್ಲ, ಅದು ವಾಕ್ ಸ್ವಾತಂತ್ರ್ಯದ ಭಾಗ ಎಂದು ತೀರ್ಪಿತ್ತಿತು. ಅಲ್ಲಿಂದ ‘ಸೂಪರ್ ಪ್ಯಾಕ್’ ಎಂಬ ಸಂಘಟನೆಗಳು ಹುಟ್ಟಿದವು. ಇವುಗಳಿಗೆ ಎಷ್ಟು ಬೇಕಾದರೂ ಕೊಡಬಹುದು. ಮುಂದಿನ ಬಾಗಿಲಿಗೆ ಬೀಗ. ಹಿತ್ತಲ ಬಾಗಿಲು ಹಾರು ಹೊಡೆದಿದೆ ಎಂದು ಟೀಕಿಸುವವರು ಅಲ್ಲೂ ಬಹಳ ಮಂದಿ. ಒಂದು ಸಮಾಧಾನವೆಂದರೆ, ಇವುಗಳಿಗೆ 200 ಡಾಲರಿಗಿಂತ ಹೆಚ್ಚು ಕೊಟ್ಟವರ ಹೆಸರು ಚುನಾವಣಾ ಆಯೋಗದ ಕಡತದಲ್ಲಿ ಬಹಿರಂಗವಾಗುತ್ತದೆ. ಮಾರ್ಕಸ್ ಎಷ್ಟು ಕೊಟ್ಟರೆಂದು ಜಗತ್ತಿಗೆ ತಿಳಿದದ್ದೂ ಹಾಗೆಯೇ. ಆದರೆ ಹೆಸರು ಹೇಳಬೇಕಿಲ್ಲದ ಸಂಸ್ಥೆಗಳ ಮೂಲಕ ಹಣ ಹರಿಯುವುದು ಅಲ್ಲೂ ಪೂರ್ತಿ ನಿಂತಿಲ್ಲ.

ಭಾರತದ ಕತೆ ಇನ್ನೂ ತಿರುವುಗಳದು. ಕಂಪನಿಗಳು ರಾಜಕೀಯ ಪಕ್ಷಗಳಿಗೆ ಹಣ ಕೊಡುವುದು ಪ್ರಜಾಪ್ರಭುತ್ವಕ್ಕೆ ಅಪಾಯಕಾರಿಯಾಗಬಹುದೆಂದು 1957ರಲ್ಲೇ ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಎಚ್ಚರಿಸಿದ್ದರು. 1969ರಲ್ಲಿ ಅದನ್ನು ನಿಷೇಧಿಸಲಾಯಿತು. 1985ರಲ್ಲಿ ಮತ್ತೆ ಅನುಮತಿ ಸಿಕ್ಕಿತು, ಲಾಭದ ಇಂತಿಷ್ಟು ಪಾಲನ್ನು ಮೀರಬಾರದೆಂಬ ಷರತ್ತಿನೊಡನೆ. 2013ರ ಕಂಪನಿ ಕಾಯ್ದೆಯಲ್ಲಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 7.5 ಎಂಬ ಮಿತಿಯಿತ್ತು. 2017ರಲ್ಲಿ ಆ ಮಿತಿಯನ್ನೇ ತೆಗೆದುಹಾಕಿ, 2018ರಲ್ಲಿ ಚುನಾವಣಾ ಬಾಂಡ್ ಯೋಜನೆ ತರಲಾಯಿತು. ಸ್ಟೇಟ್ ಬ್ಯಾಂಕಿನಲ್ಲಿ ಬಾಂಡ್ ಕೊಂಡು ಪಕ್ಷಕ್ಕೆ ಕೊಡಬಹುದು. ಕೊಟ್ಟವರಾರೆಂದು ಮತದಾರರಿಗೆ ತಿಳಿಯುವಂತಿರಲಿಲ್ಲ. ಕಪ್ಪುಹಣದ ಬದಲು ಬ್ಯಾಂಕಿನ ಮೂಲಕ ಹಣ ಬರುತ್ತದೆ, ದಾನಿಗೆ ಕಿರುಕುಳ ತಪ್ಪುತ್ತದೆ ಎಂದು ಸರ್ಕಾರ ಸಮರ್ಥಿಸಿಕೊಂಡಿತು. ಆರು ವರ್ಷಗಳಲ್ಲಿ ಮಾರಾಟವಾದ ಬಾಂಡುಗಳ ಮೊತ್ತ ಸುಮಾರು 16,500 ಕೋಟಿ ರೂಪಾಯಿ!

2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಒಮ್ಮತದಿಂದ ಈ ಯೋಜನೆಯನ್ನು ರದ್ದುಪಡಿಸಿತು. ಮತದಾರನ ತಿಳಿಯುವ ಹಕ್ಕು ಸಂವಿಧಾನದ 19(1)(ಎ) ವಿಧಿ ಕೊಟ್ಟ ಹಕ್ಕು. ಪಕ್ಷಕ್ಕೆ ಯಾರು ಹಣ ಕೊಟ್ಟರೆಂಬುದನ್ನು ಮುಚ್ಚಿಡುವುದು ಆ ಹಕ್ಕಿಗೆ ವಿರುದ್ಧ ಎಂಬುದು ತೀರ್ಪಿನ ಸಾರ. ಲಾಭದ ಮಿತಿ ತೆಗೆದದ್ದನ್ನೂ ಪೀಠ ಒಪ್ಪಲಿಲ್ಲ. ಮಾರ್ಚ್ ತಿಂಗಳಲ್ಲಿ ದಾನಿಗಳ ಪಟ್ಟಿ ಪ್ರಕಟವಾಯಿತು.

ಯಾವುದು ಗುಟ್ಟು, ಯಾವುದು ರಟ್ಟು?

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತನ್ನು ಹಿರಿಯರಿಂದ ಎಲ್ಲರೂ ಕೇಳಿದ್ದೇವೆ. ಬಡ ವಿದ್ಯಾರ್ಥಿಯ ಫೀಸು ಕಟ್ಟಿ ಯಾರಿಗೂ ಹೇಳದಿರುವುದು ದೊಡ್ಡ ಗುಣ. ಪಡೆದವನ ಮಾನ ಅದರಿಂದ ಉಳಿಯುತ್ತದೆ. ಆದರೆ ರಾಜಕೀಯದ ದೇಣಿಗೆಗೆ ಈ ಗಾದೆ ಸಲ್ಲದು. ಅಲ್ಲಿ ಬಲಗೈ ಕೊಟ್ಟದ್ದು ಎಡಗೈಗಷ್ಟೇ ಅಲ್ಲ, ಊರಿಗೆಲ್ಲ ತಿಳಿಯಬೇಕು. ಏಕೆಂದರೆ ಹಣ ಪಡೆದವರು ನಾಳೆ ಕಾನೂನು ಮಾಡುವವರು, ಗುತ್ತಿಗೆ ಕೊಡುವವರು, ತೆರಿಗೆ ಹಾಕುವವರು. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ನಂಟಿದೆಯೇ ಎಂದು ನೋಡುವ ಹಕ್ಕು ಮತದಾರನದು.

ನಮ್ಮ ಕಾನೂನೂ ಈ ಭೇದವನ್ನು ಒಪ್ಪಿಕೊಂಡಿದೆ. ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕೆಂಬ ನಿಯಮ 2014ರ ಏಪ್ರಿಲಿನಿಂದ ಜಾರಿಯಲ್ಲಿದೆ. ರಾಜಕೀಯ ಪಕ್ಷಕ್ಕೆ ಕೊಟ್ಟ ಹಣವನ್ನು ಆ ಲೆಕ್ಕಕ್ಕೆ ಸೇರಿಸುವಂತಿಲ್ಲ. ದಾನ ಬೇರೆ, ದೇಣಿಗೆ ಬೇರೆ!

ಮಾರ್ಕಸ್ ಅವರ ಆಯ್ಕೆಗಳನ್ನು ಎಲ್ಲರೂ ಒಪ್ಪಬೇಕಿಲ್ಲ. ಅಟ್ಲಾಂಟದಲ್ಲೇ ಅವರ ಆಸ್ಪತ್ರೆಯಲ್ಲಿ ಬದುಕುಳಿದು, ಅವರು ವಿರೋಧಿಸಿದ ಪಕ್ಷಕ್ಕೆ ಮತ ಹಾಕಿದವರು ಸಾವಿರಾರು ಮಂದಿ ಇದ್ದಾರು. ಅದರಲ್ಲಿ ಕೃತಘ್ನತೆ ಏನೂ ಇಲ್ಲ. ಆಸ್ಪತ್ರೆ ಕಟ್ಟಿಸಿದವರಿಗೆ ಕೈ ಮುಗಿಯೋಣ. ಆದರೆ ಮತವನ್ನು ಅವರ ಕೈಗೆ ಕೊಡುವುದು ಬೇಡ. ನೂರಾರು ಕೋಟಿಯ ಒಡೆಯನಿಗೂ, ಹೊಲದಲ್ಲಿ ಹತ್ತಿ ಬಿಡಿಸುವ ಕೂಲಿಯವಳಿಗೂ ಮತ ಒಂದೇ ಒಂದು.

ಈ ಸಲ ಸೀಟು ಸಿಗದ ಮಕ್ಕಳ ಮನೆಯವರಿಗೆ ಕೊನೆಯದಾಗಿ ಒಂದು ಮಾತು. ಮಾರ್ಕಸ್‌ಗೆ ಮುಚ್ಚಿದ್ದು ಒಂದು ಬಾಗಿಲು ಮಾತ್ರ. ಎರಡನೆಯ ಆಯ್ಕೆಯ ಓದನ್ನು ಅವರು ಅಸಡ್ಡೆಯಿಂದ ಓದಲಿಲ್ಲ, ಗಲ್ಲೆಯ ಹಿಂದಿನ ಕೆಲಸವನ್ನು ಕೀಳೆಂದು ಬಗೆಯಲಿಲ್ಲ. ಎಲ್ಲರೂ ಕೋಟ್ಯಧೀಶರಾಗುವುದಿಲ್ಲ, ಆಗಬೇಕಾದ್ದೂ ಇಲ್ಲ. ಫಾರ್ಮಸಿ, ನರ್ಸಿಂಗ್, ಕೃಷಿ, ಐ.ಟಿ.ಐ., ಬಿ.ಎಸ್ಸಿ., ಬಿ.ಕಾಂ. ಯಾವುದಕ್ಕೇ ಸೇರಲಿ, ಮಗಳೋ ಮಗನೋ ಆ ಕೆಲಸದ ಒಳಗುಟ್ಟನ್ನು ಕಲಿಯುವಷ್ಟು ಹೊತ್ತು ಅವರ ಬೆನ್ನಿಗೆ ನಿಲ್ಲುವುದು ಪಾಲಕರ ಪಾಲಿನ ಕೆಲಸ. ಅರ್ಜಿ ಹಾಕುವ ಕೊನೆಯ ದಿನಾಂಕಗಳು ಮಾತ್ರ ಯಾರಿಗೂ ಕಾಯುವುದಿಲ್ಲ.